ಸಾಕ್ಷಿಪ್ರಮಾಣವೂ ದರಿದ್ರನ ಅನುಭವವೂ

ಉಚ್ಚಿಲದ ಮೂಡುದಿಕ್ಕಿನಲ್ಲಿ, ಅರೆದಿನದ ಕಾಲುನಡಿಗೆಯೊಳಗೆ, ಅದಮಾರು ಪಲಿಮಾರು ಎಂಬ ಎರಡು ಗ್ರಾಮಗಳಿವೆ. ಉಡುಪಿಯ ಅಷ್ಟಮಠಗಳಲ್ಲಿ ಎರಡಕ್ಕೆ ಈ ಗ್ರಾಮಗಳ ಹೆಸರೇ ನಿಂತಿರುವುದು ಸರ್ವವಿದಿತವಾದ ವಿಷಯ. ಪಡುವಣಕ್ಕೆ ಕಡಲು; ಅದರ ಅಂಚಿನಲ್ಲಿ ಮೊಗವೀರರ ಮನೆಗಳು, ದೋಣಿಗಳು, ಒಣಗಹಾಕಿದ ಬಲೆಗಳು. ಇವೆರಡರ ನಡುವೆ ಈಗ ಹೆದ್ದಾರಿಯೊಂದು ಹಾದುಹೋಗುತ್ತದೆ. ನಡೆದು ದಾಟುವವನಿಗೆ ಇದು ದೊಡ್ಡ ದೂರವೇನೂ ಅಲ್ಲ. ಆದರೆ ಮೂಡಣದ ಪಾಠಶಾಲೆಗಳಲ್ಲಿ ಏಳು ಶತಮಾನಗಳಿಂದ ನಡೆದ ವಾಕ್ಯಾರ್ಥವಿಚಾರದಲ್ಲಿ ಪಡುವಣದ ಮನೆಗಳ ಅನುಭವವು ಒಂದು ಸಲವಾದರೂ ಪ್ರಮಾಣವಾಗಿ ಎತ್ತಲ್ಪಟ್ಟಿತೆ ಎಂದು ಕೇಳಿದರೆ, ಕೇಳಿದವನನ್ನೇ ಎಲ್ಲರೂ ವಿಚಿತ್ರವಾಗಿ ನೋಡುವರು.

ಅವರ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ದರಿದ್ರನ ದುಃಖವು ಕಾರುಣ್ಯಕ್ಕೆ ವಿಷಯವೇ ಹೊರತು ತತ್ತ್ವನಿರ್ಣಯಕ್ಕೆ ಸಾಧನವಲ್ಲ. ಹಸಿದವನಿಗೆ ಅನ್ನವನ್ನು ಕೊಡಬೇಕು, ಸಿದ್ಧಾಂತವನ್ನು ಅವನಿಂದ ಕೇಳಬೇಕಾದುದಿಲ್ಲ. ಶಾಸ್ತ್ರವು ಧನಿಕನದೂ ಅಲ್ಲ, ಬಡವನದೂ ಅಲ್ಲ, ಅದು ತಕ್ಕಡಿಯಂತೆ ನಿಷ್ಪಕ್ಷಪಾತವಾದುದು ಎಂದು. ಕೇಳುವುದಕ್ಕೆ ಈ ಮಾತು ಇಂಪಾಗಿದೆ, ಸಭೆಗಳಲ್ಲಿ ಚಪ್ಪಾಳೆಗೂ ಪಾತ್ರವಾಗಿದೆ. ಆದರೆ ತಕ್ಕಡಿ ತಾನಾಗಿ ತೂಗುವುದಿಲ್ಲವಷ್ಟೆ. ಅದನ್ನು ಹಿಡಿದ ಕೈಯೊಂದಿದೆ, ಆ ಕೈ ಯಾವ ಮನೆಯ ಅನ್ನವನ್ನು ಉಂಡು ಬೆಳೆದಿದೆ ಎಂಬುದೂ ಇದೆ. ತೂಗುವವನು ತನ್ನ ಕೈಯನ್ನೇ ನೋಡಿಕೊಳ್ಳದೆ ತಕ್ಕಡಿಯ ಸಾಧುತ್ವವನ್ನು ಹೊಗಳುತ್ತಿದ್ದರೆ ಕೊಳ್ಳುವವನು ಏನು ಮಾಡಬೇಕು?

ಈ ಆಕ್ಷೇಪವನ್ನು ಎತ್ತುವವರನ್ನು ‘ಪರದೇಶದ ಮತವನ್ನು ಎರವಲು ತಂದವರು’ ಎಂದು ಜರೆಯುವ ವಾಡಿಕೆಯುಂಟು. ದಕ್ಷಿಣ ಅಮೆರಿಕದ ಪೆರು ದೇಶದ ಪಾದ್ರಿ ಗುಸ್ತಾವೋ ಗುಟಿಯೆರೆಸ್ ಎಂಬವರು 1971ರಲ್ಲಿ ವಿಮೋಚನೆಯ ದೇವತತ್ತ್ವವನ್ನು ಕುರಿತು ಗ್ರಂಥವನ್ನು ಬರೆದುದೂ, ಅದಕ್ಕೆ ಮೂರು ವರ್ಷ ಮುಂಚೆ, 1968ರಲ್ಲಿ, ಕೊಲಂಬಿಯದ ಮೆಡೆಯಿನ್ ನಗರದಲ್ಲಿ ಅಲ್ಲಿಯ ಬಿಷಪ್ಪರು ಸೇರಿ ಬಡವರ ಸ್ಥಿತಿಯನ್ನೇ ಮುಂದಿಟ್ಟು ವಿಚಾರಮಾಡಿದುದೂ ನಿಜ. ದೇವರನ್ನು ಕುರಿತು ಮಾತನಾಡುವವನು ತಾನು ಎಲ್ಲಿ ನಿಂತು ಮಾತನಾಡುತ್ತೇನೆಂಬುದನ್ನು ಮೊದಲು ಅರಿತುಕೊಳ್ಳಬೇಕು ಎಂಬುದು ಆ ಪಂಥದ ಸಾರ. ಗುಟಿಯೆರೆಸರು 2024ರಲ್ಲಿ ತೀರಿಕೊಂಡರು. ಅವರ ಮಾತಿನ ಗುಣದೋಷವನ್ನು ಅವರ ಮತದವರು ವಿಚಾರಿಸಲಿ. ಇಲ್ಲಿ ಎರವಲಿನ ಅಗತ್ಯವೇ ಇಲ್ಲ. ಪಾಜಕದಲ್ಲಿ ಹುಟ್ಟಿದ ಆಚಾರ್ಯರ ಪ್ರಮಾಣಶಾಸ್ತ್ರದಲ್ಲಿಯೇ ಈ ಮಾತು ಇದೆ. ಮತ್ತು ಅಲ್ಲಿಗಿಂತ ಗಟ್ಟಿಯಾಗಿ ಇದೆ.

ಪಾಠಶಾಲೆಯ ಮೆಟ್ಟಿಲನ್ನು ಹತ್ತಿದವರೆಲ್ಲರೂ ಬಲ್ಲ ವಿಷಯವನ್ನು ಇತರರಿಗಾಗಿ ಸ್ವಲ್ಪ ವಿವರಿಸಬೇಕಾಗಿದೆ. ಮಧ್ವಸಿದ್ಧಾಂತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಪ್ರಮಾಣಗಳು ಮೂರು. ಈ ಮೂರರಿಂದ ಬಂದ ಜ್ಞಾನವು ಸರಿಯಾದುದೇ ಎಂದು ನಿಶ್ಚಯಿಸುವವರು ಯಾರು? ಬೇರೊಂದು ಪ್ರಮಾಣವೆಂದರೆ ಅದಕ್ಕೆ ಮತ್ತೊಂದು, ಅದಕ್ಕೆ ಮಗುದೊಂದು ಎಂದು ಅನವಸ್ಥೆಯಾಗುವುದು. ಆದುದರಿಂದ ಜೀವನ ಸ್ವರೂಪದಲ್ಲಿಯೇ ಇರುವ ಒಂದು ಇಂದ್ರಿಯವನ್ನು, ಸಾಕ್ಷಿಯೆಂಬುದನ್ನು, ಆಚಾರ್ಯರು ಹೇಳಿದರು. ಕಣ್ಣು ತಪ್ಪಬಹುದು, ಮನಸ್ಸು ಸಂಶಯಪಡಬಹುದು, ಸಾಕ್ಷಿ ತಪ್ಪುವುದಿಲ್ಲ. ಸುಖವೂ ದುಃಖವೂ ಈ ಸಾಕ್ಷಿಗೇ ಗೋಚರವಾದವು. ‘ನನಗೆ ನೋವಾಗಿದೆ’ ಎಂಬುವನಿಗೆ ‘ನಿನಗೆ ನೋವಾಗಿಲ್ಲ, ವಿಚಾರಮಾಡಿ ನೋಡು’ ಎಂದು ಯಾವ ತಾರ್ಕಿಕನೂ ಹೇಳಲಾರನು. ಅಭೇದವಾದಿಗಳ ಮೇಲೆ ದ್ವೈತಿಗಳು ಪ್ರಯೋಗಿಸಿದ ಅತಿ ತೀಕ್ಷ್ಣವಾದ ಅಸ್ತ್ರವು ಇದೇ: ತಾನು ಅಲ್ಪಜ್ಞನು, ದುಃಖಿಯು ಎಂಬ ಸಾಕ್ಷಿಯ ಅನುಭವವನ್ನು ಅವಲಂಬಿಸಿಯೇ ಶ್ರುತಿಯು ಜೀವನನ್ನು ಕುರಿತು ಮಾತನಾಡಬೇಕು; ಅಂಥ ಉಪಜೀವ್ಯವಾದ ಪ್ರಮಾಣವನ್ನು ವಿರೋಧಿಸಿ ಶ್ರುತಿಗೂ ಅರ್ಥಹೇಳಲಾಗದು. ಕುಳಿತ ಕೊಂಬೆಯನ್ನು ಕಡಿಯುವವನು ಬುದ್ಧಿವಂತನಲ್ಲ. ಅನುವ್ಯಾಖ್ಯಾನದಿಂದ ಹಿಡಿದು ಜಯತೀರ್ಥರ ನ್ಯಾಯಸುಧೆ, ವ್ಯಾಸತೀರ್ಥರ ತರ್ಕತಾಂಡವದವರೆಗೆ ಈ ಯುಕ್ತಿಗೆ ಸಾಣೆಹಿಡಿದವರು ಸಾಮಾನ್ಯರಲ್ಲ.

ಹಾಗಾದರೆ ಕೇಳಬೇಕಾದುದು ಒಂದೇ. ಆ ಸಾಕ್ಷಿ ಯಾರ ಸಾಕ್ಷಿ? ಪಂಡಿತನದು ಮಾತ್ರವೆ? ಸಿದ್ಧಾಂತದ ಪ್ರಕಾರ ಅದು ಪ್ರತಿಜೀವನಲ್ಲಿಯೂ ಇದೆ. ಜೀವರು ಪರಸ್ಪರ ಭಿನ್ನರಾದುದರಿಂದ ಒಬ್ಬನ ಸಾಕ್ಷಿ ಮತ್ತೊಬ್ಬನ ದುಃಖವನ್ನು ಕಾಣಲಾರದು. ಉಚ್ಚಿಲದ ಕಡಲಕರೆಯ ಹೆಂಗಸಿನ ಹಸಿವನ್ನು ಬಲ್ಲ ಸಾಕ್ಷಿ ಅವಳೊಳಗಿದೆಯೇ ಹೊರತು ವಾಕ್ಯಾರ್ಥಸಭೆಯ ಅಧ್ಯಕ್ಷರೊಳಗಿಲ್ಲ. ಅದ್ವೈತಿಯಾದರೆ ಹಸಿವು ವ್ಯಾವಹಾರಿಕ ಸತ್ಯವೆಂದು ಹೇಳಿ ಸ್ವಲ್ಪ ನುಣುಚಿಕೊಳ್ಳಬಹುದು. ಜಗತ್ತು ಸತ್ಯ, ಭೇದ ಸತ್ಯ, ದುಃಖವೂ ಸತ್ಯವೆಂದು ಡಂಗುರಹೊಡೆದವರಿಗೆ ಆ ಓಣಿಯಿಲ್ಲ. ದರಿದ್ರನ ದುಃಖವನ್ನು ಅವನ ಬಾಯಿಂದ ಕೇಳದೆ ಅವನನ್ನು ಕುರಿತು ಮಾಡಿದ ಯಾವ ಶಾಸ್ತ್ರಾರ್ಥವೂ ಉಪಜೀವ್ಯವಿರೋಧದೋಷಕ್ಕೆ ಒಳಗಾಗುವುದು. ಇದು ಸಿದ್ಧಾಂತದ ಮೇಲಣ ಆಕ್ಷೇಪವಲ್ಲ. ಸಿದ್ಧಾಂತವು ತನ್ನ ಅನುಯಾಯಿಗಳ ಮೇಲೆ ಮಾಡುವ ಆಕ್ಷೇಪ.

ವ್ಯಾಖ್ಯಾತೃಗಳು ಎಲ್ಲಿ ನಿಂತಿದ್ದರೆಂಬುದನ್ನು ತಿಳಿಯಲು ಛಾಂದೋಗ್ಯದ ನಾಲ್ಕನೆಯ ಅಧ್ಯಾಯವೊಂದೇ ಸಾಕು. ಜಾನಶ್ರುತಿಯು ಮಹಾದಾನಿ, ಎಲ್ಲೆಡೆಯೂ ಛತ್ರಗಳನ್ನು ಕಟ್ಟಿಸಿ, ಜನರೆಲ್ಲರೂ ತನ್ನ ಅನ್ನವನ್ನೇ ಉಣ್ಣಲಿ ಎಂದು ಬಯಸಿದವನು. ರೈಕ್ವನಾದರೋ ಬಂಡಿಯ ಕೆಳಗೆ ಕುಳಿತು ಮೈಯ ತುರಿಯನ್ನು ಕೆರೆದುಕೊಳ್ಳುತ್ತಿದ್ದವನು. ಹಂಸಗಳ ಮಾತಿನಿಂದ ನೊಂದ ದಾನಿಯು ಆರುನೂರು ಹಸುಗಳನ್ನೂ ಹಾರವನ್ನೂ ಹೇಸರಗತ್ತೆಯ ರಥವನ್ನೂ ತಂದಾಗ, ಬಂಡಿಯ ಕೆಳಗಿನವನು ಅವನನ್ನು ಶೂದ್ರನೆಂದು ಕರೆದು ಹಿಂದಕ್ಕೆ ಕಳುಹಿದನು. ಇಲ್ಲಿಂದ ಭಾಷ್ಯಕಾರರ ಶ್ರಮ ಪ್ರಾರಂಭವಾಗುತ್ತದೆ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣವನ್ನು ಓದಿದವರು ಬಲ್ಲರು: ‘ಶೂದ್ರ’ ಎಂದರೆ ಜಾತಿಯಲ್ಲ, ಶೋಕದಿಂದ ಓಡಿಬಂದವನು ಎಂದರ್ಥ; ಜಾನಶ್ರುತಿ ಕ್ಷತ್ರಿಯನೇ ಸರಿ. ಏತಕ್ಕೆ? ಶಂಕರರ ಪ್ರಕಾರ, ಆ ವಿದ್ಯೆಯಲ್ಲಿಯೇ ಮುಂದೆ ಚೈತ್ರರಥವಂಶದ ಅಭಿಪ್ರತಾರಿಯ ಹೆಸರು ಬಂದಿರುವುದರಿಂದ. ಮಧ್ವರ ಪ್ರಕಾರ, ರಥವೇ ಕ್ಷತ್ರಿಯತ್ವಕ್ಕೆ ಲಿಂಗವಾದುದರಿಂದ.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ರಥವುಳ್ಳವನನ್ನು ಶೂದ್ರನೆಂದು ಕರೆದಾಗ ಆ ಪದಕ್ಕೆ ಬೇರೊಂದು ವ್ಯುತ್ಪತ್ತಿ ದೊರಕಿತು. ರಥವಿಲ್ಲದವನನ್ನು ಶೂದ್ರನೆಂದು ಕರೆದಾಗ ಧಾತುಪಾಠವನ್ನು ತೆರೆದವರು ಯಾರೂ ಇಲ್ಲ. ಅವನೂ ಶೋಕದಿಂದಲೇ ಓಡುತ್ತಿದ್ದನಲ್ಲವೆ? ಇನ್ನು ಎರಡನೆಯದು ಇದಕ್ಕಿಂತಲೂ ದೊಡ್ಡದು. ಆ ಅಭಿಪ್ರತಾರಿಯ ಹೆಸರು ಬಂದ ಸಂದರ್ಭ ಯಾವುದು? ಶೌನಕ ಕಾಪೇಯನೂ ಅವನೂ ಊಟಕ್ಕೆ ಕುಳಿತು ಬಡಿಸಿಕೊಳ್ಳುತ್ತಿರುವಾಗ ಒಬ್ಬ ಬ್ರಹ್ಮಚಾರಿ ಭಿಕ್ಷೆ ಬೇಡಿದನು, ಅವರು ಕೊಡಲಿಲ್ಲ. ಎಲ್ಲವನ್ನೂ ನುಂಗುವ ಆ ದೇವನನ್ನು ನೀವು ಅರಿಯಿರಿ, ಈ ಅನ್ನವು ಯಾರದೋ ಅವನಿಗೇ ಇದನ್ನು ಕೊಡದಾದಿರಿ ಎಂಬ ಅಭಿಪ್ರಾಯದ ಮಾತನ್ನು ಆ ಹಸಿದವನು ಹೇಳಿದನು. ಸಂವರ್ಗವಿದ್ಯೆಯ ತಿರುಳು ಇದು. ಬ್ರಹ್ಮವನ್ನು ಬಲ್ಲವನು ಎಲೆಯ ಮುಂದೆ ಕುಳಿತವನಲ್ಲ, ಬಾಗಿಲಲ್ಲಿ ನಿಂತವನು. ಶ್ರುತಿ ಇಷ್ಟು ಸ್ಪಷ್ಟವಾಗಿ ಹೇಳಿದ ಕಥೆಯಿಂದ ಈ ಅಧಿಕರಣದ ವಿಚಾರಕ್ಕಾಗಿ ಎತ್ತಿಕೊಳ್ಳಲ್ಪಟ್ಟುದೇನು? ಊಟಮಾಡುತ್ತಿದ್ದವನ ವಂಶಾವಳಿ!

ಆಚಾರ್ಯರನ್ನು ದೂಷಿಸುವುದಕ್ಕಾಗಿ ಇದನ್ನು ಹೇಳಿದುದಲ್ಲ. ಸೂತ್ರವು ಹಾಗೆ ಇದ್ದುದರಿಂದ ಭಾಷ್ಯ ಹೀಗೆ ನಡೆಯಿತು ಎನ್ನಬಹುದು. ಅವರ ಕಾಲದ ರಾಜರು, ದಾನಪತ್ರಗಳು, ವಿದ್ಯಾರ್ಥಿಗಳ ಊಟದ ಚಿಂತೆ ಇವೆಲ್ಲ ಇದ್ದವು ಎನ್ನಬಹುದು. ಮೇಲಾಗಿ ಮಧ್ವಾಚಾರ್ಯರೇ ಜಿಜ್ಞಾಸಾಸೂತ್ರದ ಭಾಷ್ಯದಲ್ಲಿ, ಅಂತ್ಯಜರಾದರೂ ಭಕ್ತರಾದವರಿಗೆ ಭಗವನ್ನಾಮದ ಜ್ಞಾನದಲ್ಲಿ ಅಧಿಕಾರವುಂಟೆಂಬ ವಚನವನ್ನು ಎತ್ತಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟರು. ತರುವಾಯದವರು ಆ ಬಾಗಿಲನ್ನು ಇನ್ನಷ್ಟು ತೆರೆಯುವ ಬದಲು ಅದರ ಮುಂದೆ ಮಣೆಹಾಕಿ ಕುಳಿತರು.

ಸೂತ್ರಕಾರರ ಜನ್ಮವೃತ್ತಾಂತಕ್ಕೂ ಇದೇ ಗತಿಯಾಯಿತು. ವ್ಯಾಸರು ದ್ವೀಪದಲ್ಲಿ, ದೋಣಿ ನಡೆಸುತ್ತಿದ್ದ ಬೆಸ್ತರ ಹುಡುಗಿಯಲ್ಲಿ ಅವತರಿಸಿದರು. ಸತ್ಯವತಿಯು ನಿಜವಾಗಿ ಉಪರಿಚರವಸುವಿನ ಮಗಳು, ಬೆಸ್ತನು ಸಾಕಿದವನು ಮಾತ್ರ ಎಂದು ಪೌರಾಣಿಕರು ಕೂಡಲೆ ತಿದ್ದುವರು. ಭಾರತದಲ್ಲಿ ಹಾಗೆ ಇರುವುದೂ ಹೌದು. ಆದರೆ ಅದೇ ಭಾರತವು, ಮೀನಿನ ಹೊಟ್ಟೆಯಿಂದ ಬಂದ ಅವಳಿಮಕ್ಕಳಲ್ಲಿ ಗಂಡನ್ನು ರಾಜನು ಇಟ್ಟುಕೊಂಡು, ಮೀನಿನ ವಾಸನೆಯ ಹೆಣ್ಣನ್ನು ಬೆಸ್ತನಿಗೇ ಕೊಟ್ಟನೆಂದೂ ಹೇಳುತ್ತದೆಯಷ್ಟೆ. ಆ ಅರ್ಧವನ್ನು ಪ್ರವಚನದಲ್ಲಿ ಯಾರೂ ನಿಲ್ಲಿಸಿ ಹೇಳುವುದಿಲ್ಲ. ಮಲ್ಪೆಯ ಕಡಲಲ್ಲಿ ಹಡಗಿನ ಗೋಪೀಚಂದನದ ಗಡ್ಡೆಯೊಳಗೆ ಬಂದನೆಂಬ ಉಡುಪಿಯ ಕೃಷ್ಣನ ವಿಷಯದಲ್ಲಿಯೂ ನಾವಿಕನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇವೆಲ್ಲ ಹಳೆಯ ಗ್ರಂಥಗಳ ಮಾತಾಯಿತು, ಇಂದು ಇದರಿಂದ ಯಾರಿಗೆ ಏನು ಕೆಟ್ಟಿತು ಎಂದು ಕೇಳುವವರಿಗೆ ಕಡಲೇ ಉತ್ತರ ಹೇಳುತ್ತದೆ. 2018ನೆಯ ಇಸವಿ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯು ಏಳು ಮಂದಿಯೊಡನೆ ಕಾಣದಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಹೊರಗೆ ಕಡಲತಳದಲ್ಲಿ ನೌಕಾಸೇನೆಯವರು ಅದರ ಅವಶೇಷವನ್ನು ಗುರುತಿಸಿದರು. ಹೋದವರು ಮರಳಲಿಲ್ಲ. ಇದು ಪತ್ರಿಕೆಗಳಲ್ಲಿ ಬಂದ ಒಂದು ಘಟನೆ. ಬಾರದವು ಈ ಕರೆಯಲ್ಲಿ ಎಷ್ಟೋ ಆಗಿಹೋಗಿವೆ. ಇಂಥ ಮನೆಯವಳೊಬ್ಬಳು ಬಂದು, ತನ್ನ ಗಂಡನಿಗೆ ಮಾಡಬೇಕಾದ ಕ್ರಿಯೆ ಏನು, ಯಾವಾಗ ಎಂದು ಕೇಳಿದರೆ ಶಾಸ್ತ್ರಿಗಳು ಯಾವ ಗ್ರಂಥವನ್ನು ತೆರೆಯುವರು? 1612ರ ನಿರ್ಣಯಸಿಂಧುವನ್ನೋ 1790ರ ಧರ್ಮಸಿಂಧುವನ್ನೋ ತೆರೆಯುವರು. ದೇಶಾಂತರಕ್ಕೆ ಹೋಗಿ ವಾರ್ತೆಯಿಲ್ಲದವನಿಗಾಗಿ ಹನ್ನೆರಡು ವರ್ಷ ಮೊದಲಾಗಿ ಕಾದು, ಬಳಿಕ ಮುತ್ತುಗದ ಪ್ರತಿಕೃತಿಯನ್ನು ಮಾಡಿ ದಹಿಸಬೇಕೆಂಬುದು ಅಲ್ಲಿಯ ವಿಧಿ. ಕಾಯತಕ್ಕದ್ದು ಹನ್ನೆರಡು ವರ್ಷ! ಈ ವಿಧಿಯನ್ನು ಬರೆದವರ ಕಣ್ಣ ಮುಂದೆ ಯಾರಿದ್ದರೆಂಬುದು ವಿಧಿಯಿಂದಲೇ ಕಾಣುವುದಿಲ್ಲವೆ? ಕಣಜದಲ್ಲಿ ಭತ್ತವುಳ್ಳ, ಅಣ್ಣತಮ್ಮಂದಿರು ಕೂಡಿಬಾಳುವ, ಕಾಶಿಗೋ ರಾಮೇಶ್ವರಕ್ಕೋ ಹೋದವನನ್ನು ಕಾಯಬಲ್ಲ ಮನೆ ಅವರ ಕಣ್ಣ ಮುಂದಿತ್ತು. ನಾಳೆ ಬೆಳಗ್ಗೆ ಬುಟ್ಟಿಯನ್ನು ಹೊತ್ತು ಮಾರುಕಟ್ಟೆಗೆ ಹೋಗಬೇಕಾದವಳು, ಹೋಗುವಾಗ ಹಣೆಗೆ ಕುಂಕುಮವನ್ನು ಇಡಬೇಕೋ ಬಾರದೋ ತಿಳಿಯದವಳು, ಅಲ್ಲಿ ಇರಲಿಲ್ಲ. 1872ರ ಸಾಕ್ಷ್ಯದ ಕಾಯಿದೆಯನ್ನು ಮಾಡಿದ ಪರಕೀಯರಾದರೂ ಏಳು ವರ್ಷಗಳೆಂದರು. ಅದೂ ಅವಳಿಗೆ ಹೆಚ್ಚೇ.

ಹಾಗಲ್ಲ, ಕಡಲಲ್ಲಿ ಮಡಿದುದು ನಿಶ್ಚಯವಾಗಿದ್ದರೆ ಕಾಯಬೇಕಾದುದಿಲ್ಲ ಎನ್ನುವರೋ? ಆಗ ಅದಕ್ಕಿಂತಲೂ ಕಠಿಣವಾದ ಮಾತು ಬರುತ್ತದೆ. ನೀರಿನಲ್ಲಿ ಸತ್ತವನನ್ನು ಹಾವು, ಸಿಡಿಲು, ಬೆಂಕಿಗಳಿಂದ ಸತ್ತವರೊಡನೆ ಸೇರಿಸಿ ದುರ್ಮರಣವೆಂದು ನಿಬಂಧಗ್ರಂಥಗಳು ಎಣಿಸುತ್ತವೆ. ನಾರಾಯಣಬಲಿ ಮೊದಲಾದ ಪ್ರಾಯಶ್ಚಿತ್ತವನ್ನು ಹೇಳುತ್ತವೆ. ಯುದ್ಧದಲ್ಲಿ ಮಡಿದ ಕ್ಷತ್ರಿಯನಿಗಾದರೋ ಸ್ವರ್ಗದ ಬಾಗಿಲು ತಾನಾಗಿ ತೆರೆದಿರುವುದು. ಇಬ್ಬರೂ ತಮ್ಮ ತಮ್ಮ ಸ್ವಕರ್ಮದಲ್ಲಿಯೇ ಮಡಿದವರು. ಒಬ್ಬನು ಪರರನ್ನು ಕೊಲ್ಲುವುದಕ್ಕೆ ಹೋಗಿ ಸತ್ತನು, ಮತ್ತೊಬ್ಬನು ಮಕ್ಕಳ ಅನ್ನಕ್ಕಾಗಿ ಹೋಗಿ ಸತ್ತನು. ಸ್ವಧರ್ಮದಲ್ಲಿ ಸಾಯುವುದೇ ಮೇಲೆಂಬ ಗೀತೆಯ ಉಪದೇಶವು ದೋಣಿಗೆ ಏಕೆ ಅನ್ವಯಿಸುವುದಿಲ್ಲ? ಮೀನು ಹಿಡಿಯುವುದು ಹಿಂಸೆಯೆನ್ನುವುದಾದರೆ ಯುದ್ಧವು ಅಹಿಂಸೆಯೆ? ಈ ಭೇದಕ್ಕೆ ಶ್ರುತಿಯಲ್ಲಿ ಮೂಲವಿದ್ದರೆ ತೋರಿಸಲಿ. ನಿಬಂಧಕಾರನಿಗೆ ಗ್ರಾಮವನ್ನು ದತ್ತಿಬಿಟ್ಟವನು ಕತ್ತಿ ಹಿಡಿದವನು, ಬಲೆ ಹಿಡಿದವನಲ್ಲ ಎಂಬುದಕ್ಕಿಂತ ಬೇರೆ ಕಾರಣವು ತೋರಿಬರುವುದಿಲ್ಲ. ಗಂಡನನ್ನು ಕಳೆದುಕೊಂಡವಳ ಮೇಲೆ ‘ದುರ್ಮರಣ’ವೆಂಬ ಕಳಂಕ, ಅದನ್ನು ತೊಳೆಯಲು ಹೆಚ್ಚಿನ ಖರ್ಚು, ಖರ್ಚಿಗೆ ಸಾಲ. ಇದಕ್ಕೆ ಧರ್ಮವೆಂದು ಹೆಸರು.

ಕಡಲ ಜನರು ಇದಕ್ಕೆ ಉತ್ತರವನ್ನು ಹಿಂದೆಯೇ ಕಂಡುಕೊಂಡಿದ್ದರೆಂಬುದು ಸ್ವಾರಸ್ಯದ ಸಂಗತಿ. ಪಾಡ್ದನದ ಪ್ರಕಾರ ಬೊಬ್ಬರ್ಯನು ಮುಸಲ್ಮಾನ ತಂದೆಗೆ ಹುಟ್ಟಿ, ಕಡಲಿನಲ್ಲಿ ವ್ಯಾಪಾರಮಾಡಿ, ಕಡಲಿನಲ್ಲಿಯೇ ಮಡಿದವನು. ಅವನನ್ನು ಅವರು ದುರ್ಮರಣದ ಪಟ್ಟಿಗೆ ಸೇರಿಸಲಿಲ್ಲ. ದೈವವೆಂದು ನಂಬಿ ಗುಡಿಕಟ್ಟಿದರು, ದೋಣಿಯನ್ನು ನೀರಿಗೆ ಇಳಿಸುವಾಗ ಅವನನ್ನು ನೆನೆದರು. ಇದನ್ನು ‘ಭೂತಾರಾಧನೆ’ ಎಂದು ತಳ್ಳಿಬಿಡುವುದು ಸುಲಭ. ನೀರಿನಲ್ಲಿ ಮಡಿದವನು ಭಗವಂತನಿಗೆ ದೂರವಾದವನಲ್ಲ ಎಂಬ ತತ್ತ್ವನಿರ್ಣಯವೊಂದು ಅದರಲ್ಲಿದೆ, ಅದನ್ನು ಮಾಡಿದವರು ಸಂಸ್ಕೃತವನ್ನು ಅರಿಯದವರು ಎಂದು ಒಪ್ಪುವುದು ಕಷ್ಟ.

ಪ್ರಾರಬ್ಧಕರ್ಮವನ್ನು ಮುಂದೊಡ್ಡುವವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಬಡತನವು ಪೂರ್ವಕರ್ಮದ ಫಲವಾದುದರಿಂದ ಸಹಿಸತಕ್ಕದ್ದೆನ್ನುವವರು ತಮಗೆ ಜ್ವರ ಬಂದಾಗ ಮಣಿಪಾಲದ ಆಸ್ಪತ್ರೆಗೆ ಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ಜೀವರ ಕರ್ಮವನ್ನು ಅಪೇಕ್ಷಿಸಿಯೇ ಈಶ್ವರನು ಫಲವನ್ನು ಕೊಡುವನೆಂದು ಸೂತ್ರಕಾರರು ಹೇಳಿದುದು ಈಶ್ವರನಲ್ಲಿ ಪಕ್ಷಪಾತ, ನಿರ್ದಯತೆಗಳ ದೋಷ ಬಾರದಿರಲೆಂದು. ಜಮೀನ್ದಾರನಲ್ಲಿ, ಸಾಲಕೊಟ್ಟ ಸಾಹುಕಾರನಲ್ಲಿ ಆ ದೋಷ ಬಾರದಿರಲೆಂದಲ್ಲ. ದೇವರ ಪರವಾಗಿ ಹೇಳಿದ ಸಮಾಧಾನವನ್ನು ಮನುಷ್ಯನು ತನ್ನ ಪರವಾಗಿ ಹೇಳಿಕೊಳ್ಳುವುದು ತರ್ಕದೋಷ ಮಾತ್ರವಲ್ಲ, ಸಣ್ಣ ಕಳ್ಳತನವೂ ಹೌದು.

ಒಂದು ಆಕ್ಷೇಪವು ಮಾತ್ರ ಗೌರವಕ್ಕೆ ಅರ್ಹವಾದುದು. ಬಡವನ ಸಾಕ್ಷಿಯೇ ಪ್ರಮಾಣವಾದರೆ, ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನವನ್ನು ಬಡವರೇ ಹರಕೆಯಾಗಿ ಬಯಸುತ್ತಾರಲ್ಲ, ಅದನ್ನು ಏಕೆ ಒಪ್ಪಬಾರದು? ಉಡುಪಿಯ ಶ್ರೀಕೃಷ್ಣಮಠದಲ್ಲಿ 2018ರ ಡಿಸೆಂಬರಿನಲ್ಲಿ, ಪಲಿಮಾರು ಮಠದ ಪರ್ಯಾಯದ ಕಾಲದಲ್ಲಿ, ಮಡೆಸ್ನಾನವನ್ನೂ ಅದರ ಬದಲಿಗೆ ಬಂದಿದ್ದ ಎಡೆಸ್ನಾನವನ್ನೂ ನಿಲ್ಲಿಸಿದಾಗ ಈ ವಾದ ಮತ್ತೆ ಕೇಳಿಬಂದಿತು. ಉತ್ತರವು ಪ್ರಮಾಣಶಾಸ್ತ್ರದಲ್ಲಿಯೇ ಇದೆ. ಸಾಕ್ಷಿಗೆ ಗೋಚರವಾದುದು ಅವನ ಮೈಯ ನವೆ, ಅವನ ಭಯ, ಅವನ ದುಃಖ. ಉರುಳಿದರೆ ರೋಗ ಹೋಗುವುದೆಂಬುದು ಸಾಕ್ಷಿಗೆ ಗೋಚರವಲ್ಲ. ಅದು ಬೇರೆಯವರು ಅವನ ಕಿವಿಯಲ್ಲಿ ಹೇಳಿದ ಮಾತು. ಕಿವಿಗೆ ಬಿದ್ದುದನ್ನು ಸಾಕ್ಷಿಯೆಂದು ಅವನ ಬಾಯಿಂದ ಹೊರಡಿಸಿ, ಅವನೇ ಹೇಳಿದನೆಂದು ಬರೆದುಕೊಳ್ಳುವುದು ಯಾವ ನ್ಯಾಯಾಲಯದಲ್ಲಿಯೂ ನಡೆಯದು. ಕೊರಗರ ಅಜಲುಪದ್ಧತಿಯೂ ಇಂಥದೇ. ಉಗುರನ್ನೂ ಕೂದಲನ್ನೂ ಅನ್ನದಲ್ಲಿ ಬೆರಸಿ ಕೊರಗನಿಗೆ ಉಣಿಸಿದರೆ ಮನೆಯವರ ದೋಷ ಅವನಿಗೆ ಹೋಗುವುದೆಂಬ ಆ ನಂಬಿಕೆಯೂ ಒಂದು ದೇವತತ್ತ್ವವೇ. ಅದರಲ್ಲಿ ಬಡವನು ಜೀವನಲ್ಲ, ದೋಷವನ್ನು ಸುರಿಯುವ ಪಾತ್ರೆ. ಅದನ್ನು ನಿಷೇಧಿಸುವುದಕ್ಕೆ 2000ದಲ್ಲಿ ಕರ್ನಾಟಕ ಸರಕಾರವು ಕಾಯಿದೆಯನ್ನು ಮಾಡಬೇಕಾಯಿತು. ಅದಕ್ಕಿಂತ ಮೊದಲು ಯಾವ ವಿದ್ವತ್ಸಭೆಯೂ ಅದನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು ಖಂಡಿಸಿದ ಪ್ರಸಿದ್ಧಿಯಿಲ್ಲ. ಅಭೇದಶ್ರುತಿಯ ಖಂಡನೆಗೆ ಇದ್ದ ಬಿಡುವು ಇದಕ್ಕೆ ಇರಲಿಲ್ಲವೆಂದು ತೋರುತ್ತದೆ.

ಇನ್ನೊಂದು ಬಗೆಯ ವಿದ್ವಾಂಸರು ಈಗ ಹೊರಟಿದ್ದಾರೆ. ಇವರು ಬಡವರ ಹಾಡನ್ನು ಯಂತ್ರದಲ್ಲಿ ಹಿಡಿದು, ಸಭೆಯಲ್ಲಿ ಕೇಳಿಸಿ, ‘ಎಂಥ ದರ್ಶನ!’ ಎಂದು ತಲೆದೂಗಿ ಊಟಕ್ಕೆ ಏಳುವರು. ಹಾಡಿದವಳಿಗೆ ವೇದಿಕೆಯ ಮೇಲೆ ಕುರ್ಚಿಯಿರುವುದಿಲ್ಲ. ಹಳೆಯವರು ಕೇಳದೆ ನಿರ್ಣಯಿಸಿದರು, ಇವರು ಕೇಳಿದಂತೆ ಮಾಡಿ ತಮ್ಮ ನಿರ್ಣಯವನ್ನೇ ಹೇಳುವರು. ಇಬ್ಬರಲ್ಲಿ ಹಳೆಯವರೇ ವಾಸಿ, ಅವರು ನಟಿಸಲಿಲ್ಲ.

ಮಾರ್ಗವನ್ನು ತೋರಿಸಿದವರು ಇಲ್ಲದಿಲ್ಲ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ವಾದವನ್ನು ಹೂಡಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ರಾಮನಿಂದಲೇ ರಾಘವನೆಂಬ ಹೆಸರನ್ನು ಕೊಡಿಸಿದರು. ವಾದಿಪ್ರತಿವಾದಿಗಳಲ್ಲಿ ಯಾರು ಬಲಿಷ್ಠರೆಂಬುದನ್ನು ಸಭೆಯ ಗೌರವದಿಂದಲ್ಲ, ಕಷ್ಟಕಾಲದ ಪರೀಕ್ಷೆಯಿಂದ ನಿರ್ಣಯಿಸುವ ಕ್ರಮವಿದು. ಉಡುಪಿಯಲ್ಲಿ ಅವರ ಹೆಸರಿನ ಕಿಂಡಿಗೆ ಕೈಮುಗಿಯುವ ಸಹಸ್ರಾರು ಜನರಲ್ಲಿ ಆ ಕಾವ್ಯವನ್ನು ಪ್ರಮಾಣವಿಚಾರದ ಗ್ರಂಥವೆಂದು ಓದಿದವರು ವಿರಳ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿ, 1928ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದುದು, ಸ್ವಜಾತಿಯವರ ಬಹಿಷ್ಕಾರವನ್ನು ಉಂಡುದು ಹಲವರಿಗೆ ಗೊತ್ತು. ನಾರಾಯಣಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದಾಗ, ಪ್ರತಿಷ್ಠೆಗೆ ಅಧಿಕಾರವಾರಿಗೆ ಎಂಬ ಪ್ರಶ್ನೆಗೆ ವಾಕ್ಯಾರ್ಥವಿಲ್ಲದೆಯೇ ಉತ್ತರವಾಯಿತು. ಉಚ್ಚಿಲದಲ್ಲಿಯೇ ಮೊಗವೀರರು ಮಹಾಲಕ್ಷ್ಮಿಯ ದೇವಾಲಯವನ್ನು ತಮ್ಮ ದುಡಿಮೆಯಿಂದ ಶಿಲಾಮಯವಾಗಿ ಕಟ್ಟಿಸಿಕೊಂಡು 2022ರಲ್ಲಿ ಬ್ರಹ್ಮಕಲಶವನ್ನು ಮಾಡಿಸಿದರು. ಅಲ್ಲಿಗೆ ವೇದಘೋಷಕ್ಕೆ ಹೋಗಲು ಮೂಡಣದವರಿಗೆ ದಾರಿ ತಿಳಿದಿದೆ. ಮಳೆಗಾಲದ ಕಡಲ್ಕೊರೆತದಲ್ಲಿ ತೆಂಗಿನಮರಗಳೂ ಮನೆಗಳೂ ನೀರುಪಾಲಾಗುವಾಗ ಅದೇ ದಾರಿಯಲ್ಲಿ ಹೋಗಿಬಂದವರೆಷ್ಟು ಮಂದಿ ಎಂಬುದನ್ನು ಅವರೇ ಎಣಿಸಿಕೊಳ್ಳಲಿ.

ವರ್ಷಂಪ್ರತಿ ನಡೆಯುವ ವಾಕ್ಯಾರ್ಥಸಭೆಗಳಲ್ಲಿ ಖ್ಯಾತಿವಿಚಾರವೂ ಅನ್ಯಥಾಖ್ಯಾತಿಯ ಪರಿಷ್ಕಾರವೂ ಯಥಾಪ್ರಕಾರ ನಡೆಯಲಿ. ಅವುಗಳ ಜತೆಗೆ ಒಂದು ದಿನ, ‘ಸ್ವಕರ್ಮದಲ್ಲಿ ಸಮುದ್ರದಲ್ಲಿ ಮೃತನಾದವನ ಮರಣವು ದುರ್ಮರಣವೇ, ಅಲ್ಲವೆ? ಅವನ ಪತ್ನಿಯು ಎಷ್ಟು ಕಾಲ ಕಾಯತಕ್ಕವಳು?’ ಎಂಬ ವಿಷಯವನ್ನು ಇಟ್ಟುಕೊಳ್ಳಲಿ. ಪೂರ್ವಪಕ್ಷಕ್ಕೆ ಧರ್ಮಸಿಂಧು ಇದೆ. ಸಿದ್ಧಾಂತಕ್ಕೆ ಸಾಕ್ಷಿ ಬೇಕು. ಸಭೆಯನ್ನು ಶ್ರಾವಣದ ನೂಲಹುಣ್ಣಿಮೆಗೆ ಮುಂಚೆ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಜುಲೈ ತಿಂಗಳುಗಳಲ್ಲಿ ಕರೆದರೆ ಕರೆಯ ಗಂಡಸರಿಗೂ ಬಿಡುವಿರುತ್ತದೆ. ಹೆಂಗಸರಿಗೆ ಮಧ್ಯಾಹ್ನ ಮಾರುಕಟ್ಟೆ ಮುಗಿದ ಮೇಲೆ ಆಗಬಹುದು. ಕನ್ನಡವೂ ತುಳುವೂ ನಡೆಯತಕ್ಕದ್ದು. ಸ್ಥಳವು ಕಡಲಿನಿಂದ ಕೂಗಳತೆಯೊಳಗಿರಲಿ.